ನಮ್ಮ ಶಾಲೆಯ ಮೈದಾನ: ಗುಡ್ಡೆ ಕಡಿದಲ್ಲಿಂದ ಗೇಟು ತೆರೆದಲ್ಲಿಯವರೆಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಮನೆಗೆ ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಮೈದಾನದ ಬಗ್ಗೆ ಯಾರಾದರೂ ಬರೆಯುತ್ತಿದ್ದಾರಾ?’ ಸ್ಥಾಪಕರ ಬಗ್ಗೆ, ಮುಖ್ಯೋಪಾಧ್ಯಾಯರ ಬಗ್ಗೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಬಗ್ಗೆ, ಬಿಸಿಯೂಟದ ಬಗ್ಗೆ ಲೇಖನಗಳು ಬಂದಿದ್ದವು. ಮೈದಾನ ಯಾರ ಪಟ್ಟಿಯಲ್ಲೂ ಇರಲಿಲ್ಲ. ಕಟ್ಟಡಕ್ಕೆ ಶಿಲಾಫಲಕ ಇರುತ್ತದೆ, ಯಾರು ಕಟ್ಟಿಸಿದರು, ಯಾರು ಉದ್ಘಾಟಿಸಿದರು ಎಂದು ಓದಿ ಬರೆಯಬಹುದು. ಮೈದಾನಕ್ಕೆ ಅಂಥದ್ದೇನೂ ಇಲ್ಲ. ಅದು ಮೊದಲಿನಿಂದಲೂ ಅಲ್ಲೇ ಇತ್ತು ಎಂದು ಈಗಿನ ಮಕ್ಕಳು ತಿಳಿದಿದ್ದಾರೆ. ಇರಲಿಲ್ಲ. ಅದನ್ನು ಕಡಿದು ಮಾಡಿದ್ದು. ಕಡಿದವರಲ್ಲಿ ನಾನೂ ಒಬ್ಬಳು.

ಈ ಶಾಲೆಯಲ್ಲಿ ನಾನು ಮೂರು ವರ್ಷ ವಿದ್ಯಾರ್ಥಿನಿಯಾಗಿದ್ದೆ. ಆಮೇಲೆ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಬ್ರಹ್ಮಾವರ ವಲಯದ ಶಾಲೆಗಳಲ್ಲಿ ಬಹುಕಾಲ ದುಡಿದು, ಕೊನೆಯ ವರ್ಷಗಳಿಗೆ ವರ್ಗವಾಗಿ ಇಲ್ಲಿಗೇ ಬಂದು ನಿವೃತ್ತಳಾದೆ. ಹಾಗಾಗಿ ಈ ನೆಲವನ್ನು ಎರಡೂ ಕಡೆಯಿಂದ ನೋಡಿದ್ದೇನೆ, ಮೊಣಕಾಲು ತರಚಿಸಿಕೊಂಡವಳಾಗಿ ಮತ್ತು ಮೊಣಕಾಲಿಗೆ ಮುಲಾಮು ಹಚ್ಚಿದವಳಾಗಿ.

ಶಾಲೆ ಶುರುವಾದಾಗ ನಮ್ಮದು ಇನ್ನೂ ದಕ್ಷಿಣ ಕನ್ನಡ ಜಿಲ್ಲೆ, ಕುಂದಾಪುರ ತಾಲೂಕು. 1974ರ ಮಾರ್ಚ್ 1ಕ್ಕೆ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದು, ಊರಲ್ಲೆಲ್ಲ ಡಿಕ್ಲರೇಶನ್ನಿನ ಮಾತೇ ಮಾತು. ಗೇಣಿಯ ಗದ್ದೆ ಯಾರದಾಗುತ್ತದೆ, ಯಾರದು ಹೋಗುತ್ತದೆ ಎಂಬ ಆತಂಕದ ನಡುವೆ ಹೈಸ್ಕೂಲಿಗೆ ಜಾಗ ಹುಡುಕುವುದೆಂದರೆ ಸುಲಭವಿರಲಿಲ್ಲ. ಬೆಳೆ ಬೆಳೆಯುವ ಬೈಲನ್ನು ಯಾರೂ ಕೊಡುವಂತಿರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಉಳಿದದ್ದು ಗುಡ್ಡೆ. ಹಾಡಿಯ ಅಂಚಿನ, ದನ-ಗಂಟಿ ಮೇಯುವ, ಕುಮ್ಕಿಯೋ ಸರ್ಕಾರಿಯೋ ಎಂದು ಹಿರಿಯರೂ ಖಚಿತವಾಗಿ ಹೇಳದಿದ್ದ ಮುರಕಲ್ಲಿನ ಏರು. ನಮ್ಮ ಕರಾವಳಿಯ ಅನೇಕ ಸರ್ಕಾರಿ ಶಾಲೆಗಳು ಗುಡ್ಡೆಯ ಮೇಲಿರುವುದಕ್ಕೆ ಇದೇ ಕಾರಣ. ನೋಟ ಚೆಂದ ಎಂದು ಯಾರೂ ಅಲ್ಲಿ ಕಟ್ಟಿದ್ದಲ್ಲ.

ಅಲ್ಲಿಯತನಕ ಊರಿನಲ್ಲಿ ಆಟಕ್ಕೆ ಜಾಗವೆಂದರೆ ಕೊಯ್ಲು ಮುಗಿದ ಗದ್ದೆ. ಸುಗ್ಗಿ ಕೊಯ್ದ ಮೇಲೆ ಮಳೆ ಬೀಳುವ ತನಕ ಹುಡುಗರು ಅಲ್ಲಿ ಚಿನ್ನಿದಾಂಡು, ಲಗೋರಿ, ಕಬಡ್ಡಿ ಆಡುತ್ತಿದ್ದರು. ಗದ್ದೆಯ ಒಡೆಯರು ಬೈಯುತ್ತಿರಲಿಲ್ಲ, ಸಂಜೆ ಅಂಚಿನ ಮೇಲೆ ಕೂತು ನೋಡುತ್ತಿದ್ದರು. ಹೆಣ್ಣುಮಕ್ಕಳ ಆಟವೆಲ್ಲ ಮನೆಯಂಗಳದ ಕುಂಟೆಬಿಲ್ಲೆ, ಜಗಲಿಯ ಕಲ್ಲಾಟ. ಓಡುವುದಕ್ಕೆ ನಮಗೊಂದು ಜಾಗ ಬೇಕು ಎಂಬ ಯೋಚನೆ ನಮಗೂ ಬಂದಿರಲಿಲ್ಲ.

ಎರಡು ಕೋಣೆ ಏಳುತ್ತಿದ್ದಂತೆ ಆಗಿನ ಡ್ರಿಲ್ ಮಾಷ್ಟ್ರು ಮುಖ್ಯೋಪಾಧ್ಯಾಯರ ಬೆನ್ನು ಹತ್ತಿದರು. ಪ್ರತಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಶ್ರಮದಾನ. ಹುಡುಗರು ಪಿಕ್ಕಾಸು, ಹಾರೆ ಹಿಡಿಯುವುದು, ಹುಡುಗಿಯರು ಸಾಲುಗಟ್ಟಿ ನಿಂತು ಹೆಡಿಗೆಯಲ್ಲಿ ಮಣ್ಣು ದಾಟಿಸುವುದು. ಊರಿನಿಂದ ಮನೆಗೊಬ್ಬರಂತೆ ಆಳು ಬರುತ್ತಿದ್ದರು. ಬಾರದ ಮನೆಯವರು ಅಕ್ಕಿ ಕಳಿಸುತ್ತಿದ್ದರು. ಮಧ್ಯಾಹ್ನ ಎಲ್ಲರಿಗೂ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಗಂಜಿಗೆ ಬಾಳೆಎಲೆಯ ದೊನ್ನೆ ಯಾರ ತೋಟದ್ದು, ಯಾರ ಬಾವಿಯ ನೀರು ಎಂಬುದೆಲ್ಲ ನೆನಪಿದೆ. ಬರೆಯಲು ಹೊರಟರೆ ಒಂದು ಹೆಸರು ಬಿಟ್ಟುಹೋದರೂ ತಪ್ಪು, ಆದ್ದರಿಂದ ಯಾರ ಹೆಸರನ್ನೂ ಬರೆಯುವುದಿಲ್ಲ.

ಮುರಕಲ್ಲನ್ನು ಬಲ್ಲವರಿಗೆ ಗೊತ್ತು, ನೆಲದೊಳಗಿರುವಾಗ ಅದು ಪಿಕ್ಕಾಸಿಗೆ ಬಗ್ಗುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಕಬ್ಬಿಣದಂತಾಗುತ್ತದೆ. ಒಂದು ಶನಿವಾರ ಅರ್ಧ ಕಡಿದು ಬಿಟ್ಟದ್ದು ಮುಂದಿನ ಶನಿವಾರಕ್ಕೆ ಇನ್ನಷ್ಟು ಗಟ್ಟಿಯಾಗಿರುತ್ತಿತ್ತು. ಮೇಲ್ಬದಿಯಲ್ಲಿ ಆಳೆತ್ತರ ಕಡಿದು, ಆ ಮಣ್ಣನ್ನೇ ಕೆಳಬದಿಗೆ ತುಂಬಿಸಿ ಮಟ್ಟ ಮಾಡಿದ್ದು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ: ನಮ್ಮ ಮೈದಾನದ ಅರ್ಧ ಕಡಿದದ್ದು, ಅರ್ಧ ತುಂಬಿದ್ದು. ಮುಂದಿನ ಐವತ್ತು ವರ್ಷದ ಅದರ ರೋಗಗಳೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಕೆಲಸ ನಿಂತಾಗ ಮೈದಾನದ ಗಾತ್ರ ಎಷ್ಟೆಂದರೆ, ಒಂದು ಕಬಡ್ಡಿ ಅಂಕಣ, ಒಂದು ವಾಲಿಬಾಲ್ ಅಂಕಣ, ಅದರ ಸುತ್ತ ಓಡಲು ಒಂದು ಅಂಕುಡೊಂಕು ದಾರಿ. 400 ಮೀಟರಿನ ಸರಿಯಾದ ಟ್ರ್ಯಾಕಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ, ಅಂದರೆ ನಾಲ್ಕು ಎಕ್ರೆ ಸಮತಟ್ಟು ನೆಲ ಬೇಕು. ಗುಡ್ಡೆಯ ಶಾಲೆಗೆ ಅದು ಕನಸು. ನಮ್ಮ ಡ್ರಿಲ್ ಮಾಷ್ಟ್ರು ಸುಣ್ಣದಲ್ಲಿ 200 ಮೀಟರಿನ ಟ್ರ್ಯಾಕ್ ಎಳೆಯಲು ನೋಡಿ, ಒಂದು ತಿರುವು ಗೇರುಮರದ ಬುಡಕ್ಕೆ ಬಂದು ನಿಂತಿತು. ಮರ ಕಡಿಯಲು ಯಾರೂ ಒಪ್ಪಲಿಲ್ಲ. ಹೀಗಾಗಿ ನಾವು ನೇರ ಓಡಿ, ಕಲ್ಲು ಮುಟ್ಟಿ, ಹಿಂದಿರುಗಿ ಓಡುವುದನ್ನೇ ಅಭ್ಯಾಸ ಮಾಡಿದೆವು.

ಅದರ ಫಲ ತಾಲೂಕು ಕ್ರೀಡಾಕೂಟದಲ್ಲಿ ಗೊತ್ತಾಯಿತು. ಕುಂದಾಪುರದ ಗಾಂಧಿ ಮೈದಾನವನ್ನು ನಾನು ಮೊದಲು ನೋಡಿದ್ದು ಅಂದು. ಅಷ್ಟು ಅಗಲದ ಬಯಲನ್ನು, ಅದರ ಸುತ್ತ ಅಷ್ಟು ಜನವನ್ನು ನೋಡಿಯೇ ನನ್ನ ಕಾಲು ಸೋತಿತ್ತು. 200 ಮೀಟರ್ ಓಟದಲ್ಲಿ ತಿರುವಿನಲ್ಲಿ ಮೈ ಒಳಗೆ ವಾಲಿಸಬೇಕೆಂದು ನನಗೆ ಗೊತ್ತೇ ಇರಲಿಲ್ಲ. ನೇರ ಓಡಿ ಪಕ್ಕದವಳ ಗೆರೆಗೆ ನುಗ್ಗಿದೆ. ತೀರ್ಪುಗಾರರು ಹೆಸರು ಹೊಡೆದುಹಾಕಿದರು. ಬಸ್ಸಿನಲ್ಲಿ ಮರಳುವಾಗ ಮಾಷ್ಟ್ರು ಬೈಯಲಿಲ್ಲ. ‘ಆ ಗೇರುಮರ ಕಡೂಕಿತ್ತ್’ ಎಂದು ಮಾತ್ರ ಹೇಳಿ ಕಿಟಕಿಯಾಚೆ ನೋಡುತ್ತ ಕೂತರು.

ಬಯಲು ಎಂಬುದು ನಮ್ಮ ಕಡೆ ಎಂದೂ ಬರೇ ಆಟದ್ದಾಗಿರಲಿಲ್ಲ. 1934ರಲ್ಲಿ ಗಾಂಧೀಜಿ ಉಡುಪಿಗೆ ಬಂದಾಗ ಜನ ಸೇರಿದ್ದು ಅಜ್ಜರಕಾಡಿನಲ್ಲಿ. ಅದೇ ಅಜ್ಜರಕಾಡು ಇಂದು ಮಹಾತ್ಮಾ ಗಾಂಧಿ ಜಿಲ್ಲಾ ಕ್ರೀಡಾಂಗಣ. ಕುಂದಾಪುರದ ಗಾಂಧಿ ಮೈದಾನದಲ್ಲಿ ಸ್ವಾತಂತ್ರ್ಯೋತ್ಸವವೂ ಆಗುತ್ತದೆ, ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾಟವೂ ಆಗುತ್ತದೆ. ನಮ್ಮ ಗುಡ್ಡೆಯ ಮೈದಾನವೂ ಅದೇ ದಾರಿ ಹಿಡಿಯಿತು. ಸುಗ್ಗಿಯಲ್ಲಿ ಒಂದು ಮೂಲೆಯಲ್ಲಿ ನೆಲಗಡಲೆ ಒಣಗಿಸುತ್ತಿದ್ದರು. ಪಿ.ಟಿ. ಪಿರಿಯಡ್ಡಿನಲ್ಲಿ ನಮಗೆ ಅದರಲ್ಲಿ ಹಕ್ಕಿದೆ ಎಂದೇ ನಮ್ಮ ನಂಬಿಕೆ. ತಿರುಗಾಟ ಶುರುವಾದ ಮೇಲೆ ವರ್ಷಕ್ಕೆ ಎರಡು ಮೂರು ಹರಕೆಯಾಟ. ಮಾರಣಕಟ್ಟೆ ಮೇಳವೋ ಮಂದಾರ್ತಿ ಮೇಳವೋ ಬಂದರೆ ಒಂಬತ್ತನೇ ತರಗತಿಯ ಕೋಣೆಯೇ ಚೌಕಿ. ಮರುದಿನ ಬೆಂಚಿನ ಮೇಲೆ ಬಣ್ಣದ ಬೆರಳಚ್ಚು, ಕರಿಹಲಗೆಯ ಮೂಲೆಯಲ್ಲಿ ಅಂಟಿಸಿ ಮರೆತ ಬಿಂದಿ. ರಾತ್ರಿ ನಿದ್ದೆಗೆಟ್ಟ ಮಕ್ಕಳಿಗೆ ಮೊದಲ ಪಿರಿಯಡ್ಡಿನಲ್ಲಿ ಗಣಿತ ಕಲಿಸಬೇಕಾದ ಮಾಷ್ಟ್ರ ಕಷ್ಟ ಬೇರೆ.

ಯುವಕ ಮಂಡಲ ಹುಟ್ಟಿದ್ದೂ ಈ ಮೈದಾನದಲ್ಲೇ. ವಾಲಿಬಾಲ್ ಎಂದರೆ ಕುಂದಾಪುರ-ಬೈಂದೂರು ಕಡೆ ಹುಡುಗರಿಗೆ ಮರುಳು. ಎರಡು ಅಡಿಕೆ ಮರದ ಕಂಬ, ಮೀನು ಬಲೆಯ ತುಂಡಿನ ನೆಟ್ಟು. ಕಡಲ ಬದಿಯ ಹುಡುಗರೂ ಸೈಕಲ್ಲಿನಲ್ಲಿ ಗುಡ್ಡೆ ಹತ್ತಿ ಬರುತ್ತಿದ್ದರು. ಅವರಿಗೆ ವರ್ಷದಲ್ಲಿ ನಿಜವಾದ ಬಿಡುವೆಂದರೆ ಮಳೆಗಾಲ. ಈಗಂತೂ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧವೇ ಇದೆ. ಆದರೆ ಅವರಿಗೆ ಕೈ ಖಾಲಿಯಿರುವ ಆ ಎರಡು ತಿಂಗಳಲ್ಲೇ ನಮ್ಮ ಮೈದಾನ ಕೆಸರು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿದು. ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಕಡಿದ ಬದಿಯಿಂದ ನೀರು ಹರಿದು ತುಂಬಿದ ಬದಿಯ ಮಣ್ಣನ್ನು ಕೊಚ್ಚಿ ಕೆಳಗಿನ ಬೈಲಿಗೆ ಒಯ್ಯುತ್ತಿತ್ತು. ಪ್ರತಿ ದೀಪಾವಳಿಯ ಹೊತ್ತಿಗೆ ಒಂದು ಹೊಸ ಕೊರಕಲು. ಕೆಳಗಿನ ಗದ್ದೆಯವರು ಬಂದು ‘ನಿಮ್ ಗ್ರೌಂಡ್ ನಮ್ ಗದ್ದೆಗ್ ಬಂತಲೆ’ ಎಂದು ದೂರುವುದು, ನಾವು ಹೆಡಿಗೆ ಹಿಡಿದು ಅದನ್ನು ವಾಪಸು ಹೊರುವುದು. ಬ್ರಹ್ಮಾವರದ ಕಡೆ ನಾನು ಕಂಡದ್ದು ಇನ್ನೊಂದು ತರದ ಕಷ್ಟ. ಸೀತಾ ನದಿಯ ಬೈಲಿನ ಶಾಲೆಗಳಲ್ಲಿ ಮಣ್ಣು ಎಲ್ಲೂ ಹೋಗುವುದಿಲ್ಲ, ನೀರೂ ಹೋಗುವುದಿಲ್ಲ.

ದಾನಿಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು, ಯಾರೂ ಬೇಸರಿಸಬಾರದು. ಊರಿನಿಂದ ಹೋಗಿ ಮುಂಬೈ, ಬೆಂಗಳೂರಿನಲ್ಲಿ ಹೋಟೆಲು ಮಾಡಿ ಗೆದ್ದವರು ಶಾಲೆಯನ್ನು ಮರೆಯಲಿಲ್ಲ. ಆದರೆ ಮೈದಾನಕ್ಕೆ ಏನಾದರೂ ಮಾಡಬೇಕೆಂದಾಗಲೆಲ್ಲ ಅವರ ಮನಸ್ಸಿಗೆ ಬರುವುದು ರಂಗಮಂದಿರ. ತಂದೆತಾಯಿಯ ಹೆಸರು ಬರೆಸಲು ಅದರ ನೆತ್ತಿ ಅನುಕೂಲ. ನಮ್ಮ ಶಾಲೆಗೂ ಬಂತು. ಪಡುವಣ ತುದಿಯಲ್ಲಿ ಕಟ್ಟಿದ್ದರಿಂದ ನೂರು ಮೀಟರ್ ನೇರ ಓಟಕ್ಕಿದ್ದ ಒಂದೇ ದಾರಿ 82 ಹೆಜ್ಜೆಗೆ ಇಳಿಯಿತು. ನಾನೇ ಹೆಜ್ಜೆ ಹಾಕಿ ಅಳೆದದ್ದು. ಆ ರಂಗಮಂದಿರದಲ್ಲಿ ವರ್ಷಕ್ಕೆ ಒಂದು ವಾರ್ಷಿಕೋತ್ಸವ, ಎರಡು ಆಟ. ಉಳಿದ ದಿನ ಅದರ ನೆರಳಿನಲ್ಲಿ ನಾಯಿ ಮಲಗುತ್ತದೆ. ನಮ್ಮ ವಲಯದ ಎಷ್ಟು ಮೈದಾನಗಳ ತಲೆಯೋ ಕಾಲೋ ಹೀಗೆ ಕತ್ತರಿಸಿ ಹೋಗಿದೆ ಎಂದು ಕ್ರೀಡಾಕೂಟಕ್ಕೆ ಹೋದವರೆಲ್ಲ ಬಲ್ಲರು.

ಸರ್ಕಾರದ ಕಡೆಯಿಂದ ಹಣ ಬರುವುದು ಬಹಳ ಕಾಲ ಇರಲೇ ಇಲ್ಲ. 1987ರಲ್ಲಿ ಮಂಡಲ ಪಂಚಾಯತ್ ಬಂದಾಗ ಒಂದಷ್ಟು ಮಣ್ಣು ಹಾಕಿಸಿದರು, ಅದೂ ಮುಂದಿನ ಮಳೆಗೆ ಹೋಯಿತು. 2008ರಲ್ಲಿ ಶುರುವಾದ ‘ಪೈಕಾ’ ಯೋಜನೆ ಗ್ರಾಮ ಪಂಚಾಯತಿಗೆ ಒಂದು ಆಟದ ಬಯಲು ಇರಬೇಕೆಂದು ಒಂದು ಲಕ್ಷ ರೂಪಾಯಿ ಕೊಡುವುದಾಗಿ ಹೇಳಿತು. ಹಳ್ಳಿಗೊಬ್ಬ ‘ಕ್ರೀಡಾಶ್ರೀ’ ಎಂಬ ಸ್ವಯಂಸೇವಕ. ಹೆಚ್ಚಿನ ಊರುಗಳಲ್ಲಿ ಆ ಬಯಲೆಂದರೆ ಶಾಲೆಯ ಮೈದಾನವೇ, ಬೇರೆ ಬಯಲು ಎಲ್ಲಿದೆ? ಆದರೆ ಒಂದು ಲಕ್ಷದಲ್ಲಿ ಗುಡ್ಡೆಯ ಮೈದಾನಕ್ಕೆ ಒಂದು ಬದಿಯ ಕಟ್ಟೆಯೂ ಏಳುವುದಿಲ್ಲ. ಪೈಕಾದಿಂದ ಉಳಿದ ಲಾಭವೆಂದರೆ ಕ್ರೀಡಾಕೂಟಗಳು.

ಇನ್ನು ನನ್ನ ತಪ್ಪಿನ ಕತೆ.

ನಾನು ಇಲ್ಲಿಗೆ ಶಿಕ್ಷಕಿಯಾಗಿ ಮರಳಿದಾಗ ಮೈದಾನ ಊರಿನದೂ ಆಗಿರಲಿಲ್ಲ, ಶಾಲೆಯದೂ ಆಗಿರಲಿಲ್ಲ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಟಲಿ ಚೂರು, ಗುಟ್ಕಾ ಚೀಟಿ ಹೆಕ್ಕಿಸುತ್ತಿದ್ದೆ. ಉದ್ದ ಜಿಗಿತದ ಹೊಂಡದ ಮರಳು ಯಾರದೋ ಮನೆಯ ಗಾರೆಗೆ ಹೋಯಿತು. ಮದುವೆಯ ಶಾಮಿಯಾನದ ಗೂಟ ಕಿತ್ತ ಹೊಂಡದಲ್ಲಿ ಒಬ್ಬಳು ಹುಡುಗಿಯ ಪಾದ ಹೊರಳಿ, ವಲಯ ಮಟ್ಟದ ಕೂಟ ತಪ್ಪಿತು. ಅದೇ ಹೊತ್ತಿಗೆ ಶಿಕ್ಷಣ ಹಕ್ಕು ಕಾಯಿದೆ ಬಂತು. 2009ರ ಆ ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು ಎಂದಿದೆ. ಅದೇ ಪಟ್ಟಿಯಲ್ಲಿ ಆವರಣ ಗೋಡೆಯೋ ಬೇಲಿಯೋ ಇರಬೇಕು ಎಂದೂ ಇದೆ. ಮೈದಾನ ನಮಗೆ ಇತ್ತಲ್ಲ, ಗೋಡೆ ಬಂತು. 2013ರಲ್ಲಿ ಶಾಲೆಯ ಆವರಣ, ಮೈದಾನಗಳನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಕೊಡಬಾರದೆಂಬ ಇಲಾಖೆಯ ಸುತ್ತೋಲೆಯೂ ಬಂತು. ನನಗೆ ಅಷ್ಟು ಸಾಕಿತ್ತು. ಗೇಟಿಗೆ ಬೀಗ ಹಾಕಿಸಬೇಕೆಂದು ಸಭೆಯಲ್ಲಿ ಹಟ ಹಿಡಿದವಳು ನಾನೇ. ಬೀಗದ ಕೈ ನನ್ನ ಚೀಲದಲ್ಲೇ ಇತ್ತು. ಪಾಗಾರದ ಮೇಲೆ ಗಾಜಿನ ಚೂರು ನೆಡಿಸೋಣ ಎಂದು ಯಾರೋ ಅಂದಾಗ ನಾನು ಬೇಡ ಎನ್ನಲಿಲ್ಲ.

ಮೊದಲ ವಾರ ಒಬ್ಬ ಹಿರಿಯರು, ಹಿಂದೆ ಹಾರೆ ಹಿಡಿದು ಗುಡ್ಡೆ ಕಡಿದವರೇ, ಗೇಟಿನ ಹೊರಗೆ ನಿಂತು ಕೇಳಿದರು: ‘ಬೀಗ ಹಾಕ್ರೆ ಮಕ್ಕಳ್ ಎಲ್ಲ್ ಹೋಯ್ಕ್ ಟೀಚರೇ?’ ನಾನು ಸುತ್ತೋಲೆಯ ಮಾತು ಹೇಳಿದೆ. ಅವರು ‘ಸೈ’ ಎಂದು ಹೊರಟುಹೋದರು.

ಬೀಗ ಹಾಕಿದ್ದರಿಂದ ಮೈದಾನ ಚೊಕ್ಕಟವಾಯಿತೇ? ಮೊದಲ ವರ್ಷ ಆಯಿತು. ಎರಡನೆಯ ಮಳೆಗಾಲದ ಹೊತ್ತಿಗೆ ಅರ್ಧ ಮೈದಾನ ನಾಚಿಕೆ ಮುಳ್ಳು. ಆಗ ನನಗೆ ಅರ್ಥವಾದದ್ದು, ಇಷ್ಟು ವರ್ಷ ಹುಲ್ಲನ್ನು ಹತೋಟಿಯಲ್ಲಿಟ್ಟದ್ದು ಶಾಲೆಯಲ್ಲ, ಸಂಜೆ ಆಡುವವರ ಕಾಲು. ಶಾಲೆಯಲ್ಲಿ ಮಕ್ಕಳೂ ಕಡಿಮೆಯಾಗುತ್ತಿದ್ದರು. ತರಗತಿಗೆ ಎರಡೆರಡು ವಿಭಾಗ ಇದ್ದಲ್ಲಿ ಒಂದೇ ಉಳಿದಿತ್ತು. ಹಳದಿ ಬಸ್ಸು ಬೆಳಿಗ್ಗೆ ಏಳೂವರೆಗೆ ಊರಿನ ಅರ್ಧ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಆ ಮಕ್ಕಳು ಸಂಜೆ ಆಡುವ ಜಾಗಕ್ಕೂ ನಾನು ಬೀಗ ಹಾಕಿದ್ದೆ. ಊರಿನವರಿಗೆ ಶಾಲೆಯ ಜೊತೆ ಉಳಿದಿದ್ದ ಒಂದೇ ಎಳೆ ಮೈದಾನವಾಗಿತ್ತು ಎಂಬುದು ಹೊಳೆಯಲು ನನಗೆ ಅಷ್ಟು ಕಾಲ ಬೇಕಾಯಿತು.

ಒಂದು ಸಂಜೆ ವಾಲಿಬಾಲ್ ಆಡಲು ಪಾಗಾರ ಹಾರಿದ ಹುಡುಗನೊಬ್ಬ ಅಂಗೈ ಕುಯ್ದುಕೊಂಡ. ನನ್ನದೇ ಹಳೆ ವಿದ್ಯಾರ್ಥಿ, ಚೆಂಡು ಎತ್ತಿಕೊಡುವುದನ್ನು ನಾನೇ ಕಲಿಸಿದ ಕೈ ಅದು. ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ. ಜಗಳ ಮಾಡುತ್ತಾನೆಂದು ನಾನು ಕಾದೆ. ಅವನು ಜಗಲಿಯಲ್ಲಿ ಕೂತು ಕೇಳಿದ್ದಿಷ್ಟೇ: ‘ಕೀ ನಿಮ್ಮತ್ರವೇ ಇತ್ತಲ್ದಾ ಟೀಚರೇ, ಕೇಂಡ್ರೆ ಕೊಡ್ತಿದ್ರಿಯಾ?’ ಇಲ್ಲ, ಕೊಡುತ್ತಿರಲಿಲ್ಲ. ಅದನ್ನು ಅವನಿಗೂ ಹೇಳಿದೆ.

ಮರುವಾರ ಗಾಜಿನ ಚೂರುಗಳನ್ನು ಸುತ್ತಿಗೆಯಿಂದ ಒಡೆದು ತೆಗೆದೆವು. ಅವನೂ ಬಂದಿದ್ದ, ಒಂದು ಕೈಯಲ್ಲಿ.

ಮೈದಾನದ ಎರಡನೆಯ ಜನ್ಮ ಅಲ್ಲಿಂದ. ಎಸ್.ಡಿ.ಎಂ.ಸಿ., ಹಳೆ ವಿದ್ಯಾರ್ಥಿ ಸಂಘ, ಯುವಕ ಮಂಡಲ, ಮಹಿಳಾ ಮಂಡಲ ಒಟ್ಟಿಗೆ ಕೂತ ಮೊದಲ ಸಭೆಯಲ್ಲಿ ಎಲ್ಲರಿಗೂ ಬೇಕಾದ್ದು ಬೇರೆ ಬೇರೆ. ಒಬ್ಬರಿಗೆ ಗ್ಯಾಲರಿ, ಒಬ್ಬರಿಗೆ ಹೊನಲು ಬೆಳಕು, ಒಬ್ಬರಿಗೆ ಪೇಟೆಯಲ್ಲಿ ಕಂಡ ಬಣ್ಣದ ಸಿಂಥೆಟಿಕ್ ಅಂಕಣ. ನಾನು ಚರಂಡಿ ಎಂದೆ. ಎಲ್ಲರೂ ನಕ್ಕರು. ಚರಂಡಿಗೆ ಯಾರ ಹೆಸರು ಬರೆಸುವುದು ಎಂದು ಒಬ್ಬರು ಕೇಳಿದರು.

ಕೆಲಸ ಶುರುಮಾಡುವ ಮೊದಲು ಕಾಗದ ಬೇಕಲ್ಲ. ಪಹಣಿ ತೆಗೆಸಿದರೆ ಶಾಲೆಯ ಕಟ್ಟಡದ ಜಾಗ ಶಿಕ್ಷಣ ಇಲಾಖೆಯ ಹೆಸರಿನಲ್ಲಿದೆ, ಮೈದಾನದ್ದು ಬರೇ ‘ಸರ್ಕಾರ’. ಅದರಲ್ಲೊಂದು ತುಂಡು ಡೀಮ್ಡ್ ಫಾರೆಸ್ಟ್ ಪಟ್ಟಿಯಲ್ಲಿ. ನಲ್ವತ್ತು ವರ್ಷ ಮಕ್ಕಳು ಕಬಡ್ಡಿ ಆಡಿದ ನೆಲ ಕಾಗದದಲ್ಲಿ ಕಾಡು! ಇದು ನಮ್ಮೊಬ್ಬರ ಕತೆಯಲ್ಲ, ಕರಾವಳಿ ಮಲೆನಾಡಿನ ಬಹಳ ಊರುಗಳ ಕತೆ. ರಾಜ್ಯದಲ್ಲಿ ಹತ್ತಿರಹತ್ತಿರ ಹತ್ತು ಲಕ್ಷ ಹೆಕ್ಟೇರ್ ಇದ್ದ ಡೀಮ್ಡ್ ಅರಣ್ಯವನ್ನು 2022ರಲ್ಲಿ 3.30 ಲಕ್ಷ ಹೆಕ್ಟೇರಿಗೆ ಇಳಿಸಿದ ಮೇಲೆ ನಮ್ಮ ತುಂಡೂ ಹೊರಬಂತು. ಅಷ್ಟರಲ್ಲಿ ತಾಲೂಕೇ ಬದಲಾಗಿತ್ತು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು, 2018ರಲ್ಲಿ ಬೈಂದೂರು, ಬ್ರಹ್ಮಾವರ ತಾಲೂಕುಗಳಾದವು. ಶಿಕ್ಷಣ ಇಲಾಖೆಗೆ ಮಾತ್ರ ಬೈಂದೂರು, ಬ್ರಹ್ಮಾವರ ಬಹಳ ಮೊದಲೇ ಬೇರೆ ಬೇರೆ ವಲಯ. ಹೀಗಾಗಿ ನಮ್ಮ ಕಡತದ ಒಂದು ಹಾಳೆ ಕುಂದಾಪುರದಲ್ಲಿ, ಒಂದು ಬೈಂದೂರಿನಲ್ಲಿ, ನಕ್ಷೆ ಮಾತ್ರ ಯಾವ ಕಪಾಟಿನಲ್ಲಿದೆಯೋ. ಅದನ್ನು ಹುಡುಕಿ ಒಂದುಗೂಡಿಸಿದವರು ನಮ್ಮ ಹಳೆ ವಿದ್ಯಾರ್ಥಿಯೊಬ್ಬರು, ನಿವೃತ್ತ ಗ್ರಾಮಲೆಕ್ಕಿಗರು. ಈ ಐವತ್ತು ವರ್ಷದಲ್ಲಿ ಮೈದಾನಕ್ಕಾದ ಅತಿ ದೊಡ್ಡ ಉಪಕಾರ ಅದೇ ಎಂದು ನನ್ನ ಅಭಿಪ್ರಾಯ. ಅದರಲ್ಲಿ ಬೆವರು ಕಾಣುವುದಿಲ್ಲ, ಆದ್ದರಿಂದ ಯಾರೂ ಹಾರ ಹಾಕಲಿಲ್ಲ.

ಗ್ರಾಮ ಪಂಚಾಯತಿನ ಮೂಲಕ ಉದ್ಯೋಗ ಖಾತ್ರಿಯಲ್ಲಿ ಕೆಲಸ ಹಿಡಿಯಿತು. ಆಟದ ಮೈದಾನ ಆ ಯೋಜನೆಯ ಪಟ್ಟಿಯಲ್ಲೇ ಇದ್ದ ಕಾಮಗಾರಿ. ಕೂಲಿಗೆ 60 ಪಾಲು, ಸಾಮಗ್ರಿಗೆ 40 ಪಾಲು. ಕೂಲಿಯವರ ಕೆಲಸ ಕಸಿಯುವ ಯಂತ್ರ ಇಳಿಸುವಂತಿರಲಿಲ್ಲ. ನಮ್ಮ ಕಡೆ ತೊಡಕೇನೆಂದರೆ, 2024-25ರಲ್ಲಿ ಖಾತ್ರಿಯ ದಿನಗೂಲಿ 349 ರೂಪಾಯಿ. ತೆಂಗಿನಕಾಯಿ ಕೊಯ್ಯುವವರೂ ಆ ದರಕ್ಕೆ ಅಂಗಳಕ್ಕೆ ಕಾಲಿಡುವುದಿಲ್ಲ. ಕೊನೆಗೆ ಜಾಬ್ ಕಾರ್ಡ್ ಹಿಡಿದು ಬಂದವರಲ್ಲಿ ಹೆಚ್ಚಿನವರು ಹೆಂಗಸರು, ಅವರಲ್ಲೂ ಅನೇಕರು ಒಂದು ಕಾಲದಲ್ಲಿ ಇಲ್ಲೇ ಹೆಡಿಗೆ ದಾಟಿಸಿದವರು. ‘ಆಗ ಗಂಜಿ ಕೊಡ್ತಿದ್ರ್, ಈಗ ದುಡ್ಡ್ ಕೊಡ್ತ್ರ್’ ಎಂದು ನಗುತ್ತ ಮಣ್ಣು ಹೊತ್ತರು.

ಕಡಿದ ಬದಿಯ ಬುಡದಲ್ಲಿ ಉದ್ದಕ್ಕೂ ಕಲ್ಲಿನ ಚರಂಡಿ, ಗುಡ್ಡೆಯ ನೀರು ಮೈದಾನಕ್ಕೆ ಇಳಿಯದಂತೆ. ತುಂಬಿದ ಬದಿಗೆ ಮುರಕಲ್ಲಿನ ಕಟ್ಟೆ, ನಡುನಡುವೆ ನೀರು ಬಸಿಯಲು ಕಿಂಡಿ. ಮೈದಾನಕ್ಕೆ ನೂರಕ್ಕೆ ಒಂದರಷ್ಟು ಇಳಿಜಾರು, ಆಡುವವರಿಗೆ ಗೊತ್ತಾಗಬಾರದು, ನೀರಿಗೆ ಗೊತ್ತಾಗಬೇಕು. ಚರಂಡಿಯ ನೀರು ಶಾಲೆಯ ಬಾವಿಯ ಮೇಲ್ಬದಿಯ ಇಂಗುಗುಂಡಿಗೆ. ಬಾವಿಯಲ್ಲಿ ಈಗ ಏಪ್ರಿಲ್ ಕಳೆದರೂ ನೀರಿದೆ ಎಂದು ಅಡುಗೆಯವರು ಹೇಳುತ್ತಾರೆ, ನಾನು ಅಳೆದಿಲ್ಲ. ಸಮಗ್ರ ಶಿಕ್ಷಣದಲ್ಲಿ ಪ್ರೌಢಶಾಲೆಗೆ ವರ್ಷಕ್ಕೆ ಬರುವ ಕ್ರೀಡಾ ಅನುದಾನ 25,000 ರೂಪಾಯಿ. ಅದರಲ್ಲಿ ಚೆಂಡು, ನೆಟ್ಟು. ದಾನಿಗಳ ಹಣದಲ್ಲಿ ಕಬ್ಬಿಣದ ಕಂಬ. ವಾಲಿಬಾಲಿಗೆ 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣ ಎರಡು. ಒಂದರ ನೆಟ್ಟು ಗಂಡಸರಿಗೆ 2.43 ಮೀಟರಿಗೂ ಹೆಂಗಸರಿಗೆ 2.24 ಮೀಟರಿಗೂ ಏರಿಸಿ ಇಳಿಸುವಂತೆ ಕಂಬಕ್ಕೆ ತೂತು ಕೊರೆಸಿದ್ದೇವೆ. ಪಕ್ಕದಲ್ಲಿ ತ್ರೋಬಾಲ್ ಅಂಕಣ. ಅಂಕಣಗಳನ್ನು ತೆಂಕು ಬಡಗಾಗಿ ಹಾಕಿಸಲು ನಾನು ಜಗಳವನ್ನೇ ಮಾಡಿದೆ, ಇಲ್ಲದಿದ್ದರೆ ಸಂಜೆ ಐದರ ಬಿಸಿಲು ಒಂದು ತಂಡದ ಕಣ್ಣಿಗೆ ನೇರ ಹೊಡೆಯುತ್ತದೆ.

ಸಿಂಥೆಟಿಕ್ ಬೇಡವೆಂದದ್ದಕ್ಕೆ ಈಗಲೂ ಕೆಲವರಿಗೆ ಅಸಮಾಧಾನವಿದೆ. ನಮ್ಮ ಮಳೆಗೆ ಪಾಚಿ ಹಿಡಿದ ಅಂಥ ಅಂಕಣಗಳನ್ನು ನಾನು ನೋಡಿದ್ದೇನೆ. ಹಾಕುವುದಕ್ಕೆ ದಾನಿ ಸಿಗುತ್ತಾರೆ, ಐದು ವರ್ಷದ ನಂತರ ಕಿತ್ತು ಹಾಕುವುದಕ್ಕೆ ಸಿಗುವುದಿಲ್ಲ. ಹೊನಲು ಬೆಳಕು ಬಂತು, ಆದರೆ ಸ್ವಿಚ್ಚಿಗೆ ಗಡಿಯಾರ ಜೋಡಿಸಿದೆ, ಎಂಟೂವರೆಗೆ ತಾನೇ ಆರುತ್ತದೆ. ಹತ್ತನೆಯ ತರಗತಿಯ ಮಕ್ಕಳು ಅಕ್ಕಪಕ್ಕದ ಮನೆಗಳಲ್ಲಿ ಓದುತ್ತಿರುತ್ತಾರೆ.

ಆಟಕ್ಕೆ ಸಂಬಂಧಿಸಿದ ಬಳಕೆಗೆ ಎಸ್.ಡಿ.ಎಂ.ಸಿ. ನಿರ್ಣಯ, ಉಳಿದದ್ದಕ್ಕೆಲ್ಲ ಇಲಾಖೆಯ ಲಿಖಿತ ಅನುಮತಿ ಎಂದು ನಿಶ್ಚಯಿಸಿಕೊಂಡೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ತರಗತಿ ಇಲ್ಲದ ಹೊತ್ತಿನಲ್ಲಿ ಶಾಲೆಯ ಸೌಕರ್ಯ ಸಮುದಾಯಕ್ಕೆ ಒದಗಬಹುದು ಎಂಬ ಮಾತಿದೆ ಎಂದು ಸಭೆಯಲ್ಲಿ ಒಬ್ಬರು ಓದಿ ಹೇಳಿದರು. ನಮ್ಮ ಹಿರಿಯರು ಯಾವ ನೀತಿಯನ್ನೂ ಓದದೆ ಅದನ್ನು ಮಾಡಿದ್ದರು, ಆ ಮಾತು ಬೇರೆ. ಬೆಳಿಗ್ಗೆ ಐದೂವರೆಯಿಂದ ಏಳೂವರೆ, ಸಂಜೆ ಐದರಿಂದ ಎಂಟೂವರೆ. ಬೆಳಗಿನ ಹೊತ್ತು ಹೆಂಗಸರದು ಎಂದು ಯಾರೂ ಬರೆದಿಲ್ಲ, ಆದರೆ ಹಾಗೇ ಆಗಿದೆ. ಮಹಿಳಾ ಮಂಡಲದವರು ತ್ರೋಬಾಲ್ ಆಡುತ್ತಾರೆ, ಚೂಡಿದಾರ ಹಾಕಿದವರೂ ಸೀರೆ ಸೊಂಟಕ್ಕೆ ಸಿಕ್ಕಿಸಿದವರೂ. ಅರವತ್ತು ದಾಟಿದವರು ಸುತ್ತ ನಡೆಯುತ್ತಾರೆ. ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳುತ್ತಾರೆ, ಎಲ್ಲಿ ನಡೆಯಬೇಕೆಂದು ಹೇಳುವುದಿಲ್ಲ. ಮಾರ್ಗದ ಬದಿಯಲ್ಲಿ ಲಾರಿಯ ಭಯ.

ನಮ್ಮ ನೆರೆಯ ಊರುಗಳಿಂದ ದೊಡ್ಡ ಕ್ರೀಡಾಪಟುಗಳು ಹೊರಟಿದ್ದಾರೆ. ಸಿದ್ದಾಪುರದ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಚೀನಾದ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ. ವಂಡ್ಸೆ ಸಮೀಪದ ಚಿತ್ತೂರಿನ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್‌ಕೋಸ್ಟಿನಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ ತಂದರು, 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಂಚು. ಶಾಲೆಯ ಭಾಷಣಗಳಲ್ಲಿ ಇವರ ಹೆಸರು ಹೇಳದವರಿಲ್ಲ, ನಾನೂ ಹೇಳಿದ್ದೇನೆ. ಆದರೆ ಒಬ್ಬರು ಬೆಂಗಳೂರಿನ ಕ್ರೀಡಾ ವಸತಿ ನಿಲಯಕ್ಕೆ, ಒಬ್ಬರು ಉಜಿರೆಯ ಕಾಲೇಜಿಗೆ ಹೋಗಬೇಕಾಯಿತು. ಗುಡ್ಡೆಯ ಮೈದಾನ ಹರ್ಡಲ್ಸ್ ಕಲಿಸಲಾರದು. ಓಡಬಲ್ಲೆ ಎಂದು ಒಂದು ಮಗುವಿಗೆ ಗೊತ್ತಾಗುವಷ್ಟು ಉದ್ದ ಇದ್ದರೆ ಸಾಕು. ರಂಗಮಂದಿರದ ಹಿಂದಿನ ಗೋಡೆಯ ಪಕ್ಕದಿಂದ ಓರೆಯಾಗಿ ಎಳೆದು ಈಗ 100 ಮೀಟರ್ ಮತ್ತೆ ಸಿಕ್ಕಿದೆ. ಗೇರುಮರ ಹಿಂದಿನ ವರ್ಷದ ಗಾಳಿಗೆ ತಾನೇ ಬಿತ್ತು.

ಎಲ್ಲ ಸರಿಯಾಗಿದೆ ಎಂದು ಬರೆದರೆ ಊರಿನವರೇ ನಗುತ್ತಾರೆ. ಕ್ರಿಕೆಟ್ ಆಡುವವರಿಗೂ ವಾಲಿಬಾಲ್ ಆಡುವವರಿಗೂ ವಾರಕ್ಕೊಂದು ಜಗಳ. ಚರಂಡಿಯಲ್ಲಿ ಈಗಲೂ ಬಾಟಲಿ ಸಿಗುತ್ತದೆ, ಮೊದಲಿನಷ್ಟಲ್ಲ. ಶಾಲೆಗೆ ಈಗ ಕಾಯಂ ದೈಹಿಕ ಶಿಕ್ಷಕರಿಲ್ಲ. ನಾನು ನಿವೃತ್ತಳಾದ ಮೇಲೆ ಆ ಹುದ್ದೆ ಖಾಲಿಯೇ ಇದೆ. ಅಂಗೈ ಕುಯ್ದುಕೊಂಡ ಆ ಹುಡುಗ ಸಂಜೆ ಮಕ್ಕಳಿಗೆ ಚೆಂಡು ಎತ್ತಿಕೊಡುವುದನ್ನು ಕಲಿಸುತ್ತಾನೆ. ಅವನಿಗೆ ಯಾವ ಗೌರವಧನವೂ ಇಲ್ಲ, ಬೆಳಿಗ್ಗೆ ಅವನು ರಿಕ್ಷಾ ಓಡಿಸುತ್ತಾನೆ. ಗೇಟಿನ ಕೀ ಎರಡು. ಒಂದು ಮುಖ್ಯೋಪಾಧ್ಯಾಯರ ಮೇಜಿನಲ್ಲಿ, ಇನ್ನೊಂದು ಗೇಟಿನೆದುರಿನ ಅಂಗಡಿಯ ಮೊಳೆಯಲ್ಲಿ, ಪಕ್ಕದಲ್ಲೊಂದು ಪುಸ್ತಕ. ತೆಗೆದವರು ಹೆಸರು ಬರೆಯಬೇಕು. ಮೊನ್ನೆ ಹೋಗಿ ಆ ಪುಸ್ತಕ ತಿರುವಿ ಹಾಕಿದೆ. ಬೆಳಗಿನ ಸಹಿಗಳಲ್ಲಿ ಹೆಚ್ಚಿನವು ಹೆಂಗಸರದು, ಇಬ್ಬರದು ಹೆಬ್ಬೆಟ್ಟು.

ಸುವರ್ಣ ಮಹೋತ್ಸವದ ಮೂರು ದಿನದ ಪೆಂಡಾಲು ಇದೇ ಮೈದಾನದಲ್ಲಿ ಏಳಲಿದೆ. ಗೂಟಗಳನ್ನು ಅಂಕಣದ ಗೆರೆಯಿಂದ ಹೊರಗೆ ಹೊಡೆಯಬೇಕೆಂದು ಪೆಂಡಾಲಿನವರಿಗೆ ಸುಣ್ಣದಲ್ಲಿ ಗುರುತು ಹಾಕಿಕೊಟ್ಟಿದ್ದೇನೆ. ಹೊಂಡ ಮುಚ್ಚುವ ಕೆಲಸ ಸಮಾರೋಪದ ಮರುದಿನ ಬೆಳಿಗ್ಗೆ ಆರೂವರೆಗೆ. ಬರುವ ಹಳೆ ವಿದ್ಯಾರ್ಥಿಗಳು ಅಂಗಡಿಯ ಪುಸ್ತಕದಲ್ಲಿ ಈಗಲೇ ಹೆಸರು ಬರೆಸಿ. ಹಾರೆ ಮನೆಯಿಂದಲೇ ತರಬೇಕು, ಹೆಡಿಗೆ ನಮ್ಮಲ್ಲಿದೆ. ಗಂಜಿ ಮಹಿಳಾ ಮಂಡಲದವರದು.